ಮನೆ ಕೊಳ್ಳುವ ಮುನ್ನ ಬಡಾವಣೆಯ ವಿಕೋಪದ ಚರಿತ್ರೆ ತಿಳಿಯುವುದು ಹೇಗೆ?

ಪ್ರಶ್ನೆ: ಮೈಸೂರಿನ ದಕ್ಷಿಣ ಅಂಚಿನಲ್ಲಿ, ರಿಂಗ್ ರಸ್ತೆಗೆ ಹತ್ತಿರದ ಬಡಾವಣೆಯೊಂದರಲ್ಲಿ 30×40 ಅಡಿ ಅಳತೆಯ ಮನೆ ನೋಡಿದ್ದೇವೆ. ಬಡಾವಣೆ ಆಗಿ ಸುಮಾರು ಇಪ್ಪತ್ತು ವರ್ಷವಾಗಿದೆ. ‘ಇಲ್ಲಿ ಯಾವತ್ತೂ ನೀರು ನಿಂತಿಲ್ಲ’ ಎನ್ನುತ್ತಾರೆ ಮಾರುವವರು. ಎದುರು ಮನೆಯವರು ‘ಒಂದೆರಡು ಸಲ ರಸ್ತೆ ತುಂಬಿತ್ತು’ ಎಂದರು. ಈ ಜಾಗದಲ್ಲಿ ಹಿಂದೆ ನೆರೆ, ಬಿರುಗಾಳಿ, ಭೂಕಂಪ ಏನೇನಾಗಿದೆ ಎಂದು ಖಚಿತವಾಗಿ ತಿಳಿಯುವ ದಾರಿ ಇದೆಯೇ? ಯಾವ ಕಚೇರಿಯಲ್ಲಿ ಕೇಳಬೇಕು?

ಉತ್ತರ: ದಾರಿ ಇದೆ. ಆದರೆ ಬಡಾವಣೆಯ ಹೆಸರು ಹಿಡಿದು ಹುಡುಕಿದರೆ ಏನೂ ಸಿಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ ಆ ಹೆಸರೇ ಇರಲಿಲ್ಲ. ಅದು ಯಾವುದೋ ಕಂದಾಯ ಗ್ರಾಮದ ಹೊಲವೋ ಗದ್ದೆಯೋ ಆಗಿತ್ತು. ನಕಾಶೆ, ಪಹಣಿ, ಪರಿಹಾರದ ಪಟ್ಟಿ ಎಲ್ಲವೂ ಗ್ರಾಮದ ಹೆಸರು ಮತ್ತು ಸರ್ವೆ ನಂಬರಿನಲ್ಲೇ ಇರುತ್ತವೆ. ಮಾರುವವರಿಂದ ಮೊದಲು ಪಡೆಯಬೇಕಾದದ್ದು ಕ್ರಯಪತ್ರ ಮತ್ತು ಭೂ ಪರಿವರ್ತನೆ ಆದೇಶದ ನಕಲು. ಸರ್ವೆ ನಂಬರ್ ಅವುಗಳಲ್ಲೇ ಇರುತ್ತದೆ.

ಯಾವ ವಿಕೋಪವನ್ನು ಮೊದಲು ಹುಡುಕಬೇಕು ಎಂಬುದು ಮುಖ್ಯ. ಮೈಸೂರಿನಲ್ಲಿ ನೆರೆ ಎಂದೊಡನೆ ಜನರ ಮನಸ್ಸಿಗೆ ಬರುವುದು ಕಬಿನಿ, ಕಾವೇರಿ. 1924ರ ಜುಲೈನಲ್ಲಿ ಕಾವೇರಿಗೆ ಬಂದ ಮಹಾಪೂರ, 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ (ಕಬಿನಿ) ಉಕ್ಕಿ ನಂಜನಗೂಡು ರಸ್ತೆ ಮಲ್ಲನಮೂಲೆ ಮಠದ ಬಳಿ ಮುಳುಗಿದ್ದು, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಟ ನಿಂತದ್ದು, ಇವೆಲ್ಲ ನದಿಪಾತ್ರದ ಕಥೆ. ಮೈಸೂರು ನಗರ ಕಾವೇರಿ ಮತ್ತು ಕಬಿನಿ ನಡುವಿನ ದಿಣ್ಣೆಯ ಮೇಲಿದೆ. ನಗರದ ಬಹುಭಾಗ ಸಮುದ್ರಮಟ್ಟದಿಂದ 750 ಮೀಟರಿಗೂ ಎತ್ತರದಲ್ಲಿದ್ದರೆ, ನಂಜನಗೂಡು ಅದಕ್ಕಿಂತ ಹೆಚ್ಚುಕಡಿಮೆ 100 ಮೀಟರ್ ಕೆಳಗಿದೆ. ನದಿ ಎಷ್ಟೇ ಉಕ್ಕಿದರೂ ನಿಮ್ಮ ಬಡಾವಣೆಗೆ ಬರುವುದಿಲ್ಲ.

ನಿಮ್ಮ ಬಾಗಿಲಿಗೆ ಬರುವುದು ಮೇಲಿನ ಬಡಾವಣೆಗಳ ಮಳೆನೀರು. ದಿಣ್ಣೆಯ ಉತ್ತರಕ್ಕೆ ಬಿದ್ದ ನೀರು ಕೆಸರೆ ಕಡೆಯಿಂದ ಕಾವೇರಿಗೆ, ದಕ್ಷಿಣಕ್ಕೆ ಬಿದ್ದದ್ದು ದಳವಾಯಿ ಕೆರೆಯ ಕಡೆಯಿಂದ ಕಬಿನಿಗೆ ಇಳಿಯುತ್ತದೆ. ಇಳಿಯುವ ದಾರಿಯಲ್ಲಿ ಕೆರೆಯ ಕೆಳಗೊಂದು ಕೆರೆ, ಅವುಗಳ ನಡುವೆ ಹಳ್ಳ. ಹೊರಬಡಾವಣೆಗಳ ನೆರೆ ಚರಿತ್ರೆ ಎಂದರೆ ಬಹುಪಾಲು ಈ ಹಳ್ಳಗಳದ್ದೇ ಚರಿತ್ರೆ.

ಕಾಲವೂ ಬೇರೆ. ನದಿ ಉಕ್ಕುವುದು ಕೊಡಗು, ವಯನಾಡಿನ ಮುಂಗಾರಿಗೆ, ಜುಲೈ–ಆಗಸ್ಟ್‌ನಲ್ಲಿ. ಆಗ ಮೈಸೂರಿನಲ್ಲಿ ಬೀಳುವುದು ಸೋನೆ. ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆಯ ಈ ಊರಿನಲ್ಲಿ ಜೋರು ಮಳೆ ಬರುವುದು ಎರಡು ಹಂಗಾಮಿನಲ್ಲಿ: ಮೇ ತಿಂಗಳ ಭರಣಿ–ಕೃತ್ತಿಕೆಯಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನ ಉತ್ತರೆ–ಹಸ್ತ–ಚಿತ್ತೆಯಲ್ಲಿ. ಗುಡುಗು ಸಿಡಿಲಿನೊಂದಿಗೆ ಸಂಜೆ ಶುರುವಾಗಿ ಒಂದೆರಡು ಗಂಟೆ ಸುರಿದು ನಿಲ್ಲುವ ಈ ಮಳೆಯೇ ಮನೆಗೆ ನುಗ್ಗುವುದು. ಜುಲೈನಲ್ಲಿ ಮನೆ ನೋಡಲು ಹೋಗಿ ‘ಮಳೆಗಾಲದಲ್ಲೇ ನೋಡಿದ್ದೇವೆ, ಏನೂ ತೊಂದರೆ ಇಲ್ಲ’ ಎಂದು ನಿಶ್ಚಿಂತರಾಗುವವರು ಬಹಳ. ಆ ಭೇಟಿಯಿಂದ ಏನೂ ತಿಳಿಯುವುದಿಲ್ಲ.

ಈಗ ಕಾಗದಗಳಿಗೆ ಬರೋಣ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿದರೆ ಗ್ರಾಮ ನಕಾಶೆ ಉಚಿತವಾಗಿ ಸಿಗುತ್ತದೆ. ಮೈಸೂರು ತಾಲ್ಲೂಕಿನಲ್ಲಾದರೆ ಕಸಬಾ, ವರುಣ, ಜಯಪುರ, ಇಲವಾಲ ಹೋಬಳಿಗಳಲ್ಲಿ ಯಾವುದು ಎಂದು ಕ್ರಯಪತ್ರದಲ್ಲೇ ನಮೂದಾಗಿರುತ್ತದೆ. ನಕಾಶೆಯ ಅಳತೆ ಸಾಮಾನ್ಯವಾಗಿ 1:7920, ಅಂದರೆ ಒಂದು ಇಂಚಿಗೆ 660 ಅಡಿ. ಮೂಲ ಅಳತೆಯಲ್ಲೇ ಮುದ್ರಿಸಿಕೊಂಡರೆ ಒಂದು ಮಿಲಿಮೀಟರಿಗೆ ನೆಲದ ಮೇಲೆ ಸುಮಾರು 8 ಮೀಟರ್. ಪುಟಕ್ಕೆ ಹೊಂದಿಸಿ ಮುದ್ರಿಸಿದರೆ ಈ ಲೆಕ್ಕ ಕೆಡುತ್ತದೆ; ನಕಾಶೆಯಲ್ಲೇ ಇರುವ ಅಳತೆಪಟ್ಟಿಗೆ ಸ್ಕೇಲ್ ಇಟ್ಟು ತಾಳೆ ನೋಡಿ.

ನಿಮ್ಮ ಸರ್ವೆ ನಂಬರ್ ಹುಡುಕಿ, ಅದರೊಳಗೆ ಅಥವಾ ಅಂಚಿನಲ್ಲಿ ಹಳ್ಳದ ಗೆರೆ ಇದೆಯೇ ನೋಡಿ. ಅಷ್ಟಕ್ಕೇ ನಿಲ್ಲಬೇಡಿ. ಆ ಗೆರೆಯನ್ನು ಮೇಲಕ್ಕೆ ಯಾವ ಕೆರೆಯ ಕೋಡಿಯವರೆಗೆ, ಕೆಳಕ್ಕೆ ಯಾವ ಕೆರೆಯವರೆಗೆ ಹೋಗುತ್ತದೋ ಅಲ್ಲಿಯವರೆಗೂ ಬಣ್ಣದ ಪೆನ್ಸಿಲ್‌ನಲ್ಲಿ ಎಳೆಯಿರಿ. ಪಕ್ಕದ ಗ್ರಾಮಕ್ಕೆ ದಾಟಿದರೆ ಆ ಗ್ರಾಮದ ನಕಾಶೆಯನ್ನೂ ತೆಗೆಯಬೇಕು. ನಂತರ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಮನೆಯ ಮುಂದೆ ನಿಂತರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಹಳ್ಳದ ಗೆರೆ ರಸ್ತೆಯ ಯಾವ ಬದಿಯಲ್ಲಿತ್ತು ಎಂದು ಅಂದಾಜಿಸಲು ಇದು ಸಾಕು. ಗಡಿ ನಿರ್ಧರಿಸಲು ಸಾಲದು. ಜಿಪಿಎಸ್‌ನಲ್ಲಿ ಕೆಲವು ಮೀಟರ್ ಆಚೀಚೆ ಆಗುತ್ತದೆ. ಗಡಿಯ ಬಗ್ಗೆ ಅನುಮಾನವಿದ್ದರೆ ಪರವಾನಗಿ ಪಡೆದ ಭೂಮಾಪಕರಿಂದಲೇ ಅಳತೆ ಮಾಡಿಸಿ.

ಪಹಣಿಯ 3ನೇ ಕಾಲಂ ನೋಡುವುದನ್ನು ಮರೆಯಬೇಡಿ. ಅಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂದು ಗುಂಟೆ ಲೆಕ್ಕ ಇರುತ್ತದೆ. ‘ಅ’ ಎಂದರೆ ಬಂಡೆ, ಗುಂಡಿಯಂಥ ಬೇಸಾಯಕ್ಕೆ ಬಾರದ ಜಾಗ. ‘ಬ’ ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಬಳಕೆಯ ಜಾಗ. ‘ಬ’ ಖರಾಬಿನಲ್ಲಿ ನಾಲ್ಕೈದು ಗುಂಟೆ ಇದ್ದು, ಬಡಾವಣೆಯ ಅನುಮೋದಿತ ನಕ್ಷೆಯಲ್ಲಿ ಅಷ್ಟು ಜಾಗ ಎಲ್ಲೂ ಕಾಣದಿದ್ದರೆ ಎಚ್ಚರವಾಗಿ. ಆ ಹಳ್ಳ ರಸ್ತೆಯಾಗಿರಬಹುದು, ಪಾರ್ಕಿನೊಳಗೆ ಸೇರಿರಬಹುದು, ನಿವೇಶನವೇ ಆಗಿರಬಹುದು. ನೆಲದ ಇಳಿಜಾರು ಮಾತ್ರ ಹಾಗೇ ಇರುವುದರಿಂದ ನೀರು ಹಳೇ ಜಾಗವನ್ನೇ ಹುಡುಕಿ ಬರುತ್ತದೆ.

ಭೂ ಪರಿವರ್ತನೆಗೆ ಮುಂಚಿನ ಹಳೇ ಪಹಣಿಯನ್ನೂ ತಾಲ್ಲೂಕು ಕಚೇರಿಯಿಂದ ತೆಗೆಸಿ. ಖುಷ್ಕಿ (ಒಣ ಬೇಸಾಯದ ಹೊಲ) ಎಂದಿದ್ದರೆ ಸಮಾಧಾನ. ತರಿ ಎಂದಿದ್ದರೆ ಅದು ಗದ್ದೆ ಬಯಲು, ಬಹುಶಃ ಕೆರೆಯ ಅಚ್ಚುಕಟ್ಟು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕೆರೆಯ ಅಂಗಳದಲ್ಲಿ ಸೈಟು ಕೊಳ್ಳಬಾರದು ಎಂದು ಎಲ್ಲರಿಗೂ ಗೊತ್ತು. ಏರಿಯ ಕೆಳಗಿನ ಅಚ್ಚುಕಟ್ಟು ಕೂಡ ಅಷ್ಟೇ ಅಪಾಯದ ಜಾಗ ಎಂಬುದು ಗೊತ್ತಿರುವುದಿಲ್ಲ. ಕೆರೆ ತುಂಬಿ ಕೋಡಿ ಬಿದ್ದರೆ ನೀರು ಇಳಿಯುವುದು ಅಲ್ಲಿಗೇ, ಏರಿ ಬಿರುಕು ಬಿಟ್ಟರೂ ಅಲ್ಲಿಗೇ. ಹಲವು ಒಣ ವರ್ಷಗಳ ಕಾಲ ಕೋಡಿಯೇ ಬೀಳದ ಕೆರೆಯ ಕೋಡಿ ಹಳ್ಳವನ್ನು ಜನ ಮರೆತುಬಿಡುತ್ತಾರೆ, ಅದರ ಮೇಲೆ ಶೆಡ್ಡು ಏಳುತ್ತದೆ. ಆಮೇಲೆ 2021, 2022ರಂಥ ಮಳೆಯ ವರ್ಷ ಬರುತ್ತದೆ.

ಹಳೇ ಮೈಸೂರಿನೊಳಗೂ ನೀರಿನ ಜಾಗಗಳು ನೆಲವಾಗಿರುವುದು ಹೆಸರಿನಲ್ಲೇ ಕಾಣುತ್ತದೆ: ದಸರಾ ವಸ್ತುಪ್ರದರ್ಶನದ ದೊಡ್ಡಕೆರೆ ಮೈದಾನ, ಜೀವರಾಯನಕಟ್ಟೆ ಮೈದಾನ, ಸುಬ್ಬರಾಯನಕೆರೆ. ಅವು ಮೈದಾನವಾಗಿಯೇ ಉಳಿದದ್ದರಿಂದ ನೀರು ನಿಂತರೂ ಯಾರ ಮನೆಯೂ ಹಾಳಾಗುವುದಿಲ್ಲ. ಹೊರಬಡಾವಣೆಯ ಸಣ್ಣ ಕಟ್ಟೆಗಳಿಗೆ ಆ ಭಾಗ್ಯ ಸಿಗಲಿಲ್ಲ. ಕಟ್ಟೆ ಮುಚ್ಚಿದ ಜಾಗವೇ ಎಂದು ತಿಳಿಯಲು ಅಕ್ಕಪಕ್ಕದ ಖಾಲಿ ಸೈಟಿನಲ್ಲಿ ಪಾಯ ತೋಡುತ್ತಿದ್ದರೆ ಹೋಗಿ ನೋಡಿ. ಮೈಸೂರಿನ ಸಹಜ ನೆಲದಲ್ಲಿ ಕೆಂಪು ಮಣ್ಣು, ಅದರ ಕೆಳಗೆ ಗರಸು ಮಣ್ಣು ಬರಬೇಕು. ಅದರ ಬದಲು ಮೇಲೆ ಮೂರ್ನಾಲ್ಕು ಅಡಿ ಇಟ್ಟಿಗೆ ಚೂರು, ಪ್ಲಾಸ್ಟಿಕ್ ಬೆರೆತ ತುಂಬುಮಣ್ಣು, ಕೆಳಗೆ ಕಪ್ಪಗೆ ಜಿಗುಟಾದ ಗೋಡು, ಅದರಲ್ಲಿ ಬಸವನಹುಳುವಿನ ಚಿಪ್ಪು ಸಿಕ್ಕರೆ ಅದು ಕೆರೆಯ ತಳ. ಅಂಥ ಕಡೆ ನೆರೆಯ ಜೊತೆಗೆ ಪಾಯ ಕುಸಿದು ಗೋಡೆ ಸೀಳುವ ಭಯವೂ ಇರುತ್ತದೆ.

ಸರ್ವೆ ಆಫ್ ಇಂಡಿಯಾದ 1:50,000 ಹಾಳೆ (ಮೈಸೂರಿನದು 57ಡಿ/11, ಮಂಡ್ಯದ್ದು 57ಡಿ/14) ಕಣಿವೆ ಯಾವ ದಿಕ್ಕಿಗೆ ಬಾಗುತ್ತದೆ ಎಂದು ತೋರಿಸುತ್ತದೆ. ಅದರ ಎತ್ತರದ ಗೆರೆಗಳ ನಡುವೆ 20 ಮೀಟರ್ ಅಂತರವಿರುವುದರಿಂದ ಒಂದು ಬೀದಿಯ ತಗ್ಗುದಿಣ್ಣೆ ಅದರಲ್ಲಿ ತಿಳಿಯದು. ಗೂಗಲ್ ಅರ್ತ್‌ನ ಹಳೇ ಚಿತ್ರಗಳಲ್ಲಿ ಮಳೆಗಾಲ ಮುಗಿದ ನವೆಂಬರ್–ಡಿಸೆಂಬರ್‌ನವನ್ನು ಆರಿಸಿ. ಸುತ್ತ ಒಣಗಿದ್ದರೂ ಹಸಿರು ಪಟ್ಟೆಯೊಂದು ಬಳುಕಿಕೊಂಡು ಹೋಗಿದ್ದರೆ ಅದೇ ಹಳ್ಳ.

‘ಇಲ್ಲಿ ಯಾವತ್ತೂ ನೀರು ನಿಂತಿಲ್ಲ’ ಎಂಬ ಮಾತು ಸುಳ್ಳಿರಲೇಬೇಕೆಂದಿಲ್ಲ. ಹತ್ತು ವರ್ಷದ ಹಿಂದಿನ ಮಟ್ಟಿಗೆ ನಿಜವೇ ಇರಬಹುದು. ಲೆಕ್ಕ ನೋಡಿ. ನಿಮ್ಮ ಬೀದಿಗೆ ಮೇಲಿನ 100 ಹೆಕ್ಟೇರ್ (ಸುಮಾರು 250 ಎಕರೆ) ಜಾಗದ ನೀರು ಬರುತ್ತದೆ, ಗಂಟೆಗೆ 60 ಮಿ.ಮೀ. ರಭಸದಲ್ಲಿ ಮಳೆ ಬೀಳುತ್ತಿದೆ ಎಂದುಕೊಳ್ಳಿ. ಹೊಲವಾಗಿದ್ದಾಗ ಬಿದ್ದದ್ದರಲ್ಲಿ ಶೇ 30 ಹರಿದು ಬಂದರೆ ಸೆಕೆಂಡಿಗೆ 5 ಘನ ಮೀಟರ್. ಅದೇ ಜಾಗ ಮನೆ, ಡಾಂಬರು, ಕಾಂಕ್ರೀಟ್ ಆಗಿ ಶೇ 70 ಹರಿದು ಬಂದರೆ 11.7 ಘನ ಮೀಟರ್. ಮಳೆ ಅದೇ, ನೀರು ಎರಡು ಪಟ್ಟಿಗೂ ಹೆಚ್ಚು. 3 ಮೀಟರ್ ಅಗಲ, 1.5 ಮೀಟರ್ ಆಳದ ಕಾಲುವೆಯಲ್ಲಿ ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹರಿದರೆ ಸಾಗುವುದು 6.75 ಘನ ಮೀಟರ್. ಹಿಂದೆ ಸಾಲುತ್ತಿತ್ತು, ಈಗ ಸಾಲುವುದಿಲ್ಲ. ಅರ್ಧ ಮೀಟರ್ ಹೂಳು ಕೂತರೆ ವೇಗವೂ ತಗ್ಗಿ ನಾಲ್ಕು ಘನ ಮೀಟರೂ ದಾಟುವುದು ಕಷ್ಟ. ಇನ್ನು ಅಡ್ಡರಸ್ತೆಯ ಕೆಳಗೆ ಮೋರಿಯ ಬದಲು 900 ಮಿ.ಮೀ. ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಒಂದನ್ನೇ ಹೂತಿದ್ದರೆ ಅದರಲ್ಲಿ ತುಂಬಿ ಹರಿದರೂ ಹೋಗುವುದು ಒಂದೂಕಾಲು ಘನ ಮೀಟರ್ ಅಷ್ಟೇ. ಎಳನೀರು ಬುರುಡೆ, ಹಾಸಿಗೆಯ ಸ್ಪಂಜು, ಥರ್ಮಾಕೋಲ್ ಬಾಯಿಗೆ ಸಿಕ್ಕಿಕೊಂಡರೆ ಅದೂ ಇಲ್ಲ. ಹೊರಬಡಾವಣೆಗಳಲ್ಲಿ ನೀರು ಮನೆಗೆ ತಿರುಗುವುದು ಹೆಚ್ಚಾಗಿ ಇಂಥ ಪೈಪಿನ ಮೇಲುಬದಿಯಲ್ಲೇ. ನಿಮ್ಮ ಮನೆಯಿಂದ ಕೆಳಕ್ಕೆ ಕಾಲುವೆಯುದ್ದಕ್ಕೂ ಅರ್ಧ ಕಿಲೋಮೀಟರ್ ನಡೆದು, ಎಷ್ಟು ಕಡೆ ದಾರಿ ಕಿರಿದಾಗಿದೆ ಎಂದು ಟೇಪು ಹಿಡಿದು ಅಳೆಯಿರಿ.

ಮನೆಯ ಮಟ್ಟ ಅಳೆಯಲು ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ, ತುಂಬುವಾಗ ಒಂದು ತುದಿಯಿಂದಲೇ ನಿಧಾನವಾಗಿ ತುಂಬಿಸಿ. ಮೂರು ಮಟ್ಟ ಬೇಕು: ನಡುಮನೆಯ ನೆಲ, ರಸ್ತೆಯ ನಡುಬೆನ್ನು, ಚರಂಡಿಯ ತಳ. ನೆಲವು ರಸ್ತೆಯ ಬೆನ್ನಿಗಿಂತ 2 ಅಡಿಯಾದರೂ ಮೇಲಿರಬೇಕು. ಇಪ್ಪತ್ತು ವರ್ಷದಲ್ಲಿ ಹಳೇ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಡಾಂಬರು ಹಾಕುತ್ತ ಬಂದಿರುವುದರಿಂದ ಅನೇಕ ಮನೆಗಳಲ್ಲಿ ಈ ಅಂತರ ಅರ್ಧಕ್ಕೆ ಇಳಿದಿರುತ್ತದೆ. ಚರಂಡಿಯ ತಳವನ್ನು ಮನೆ ಮುಂದೆ ಒಮ್ಮೆ, 30 ಮೀಟರ್ ಕೆಳಗೆ ಇನ್ನೊಮ್ಮೆ ನೋಡಿ. 200ಕ್ಕೆ 1ರ ವಾಟ (ಇಳಿಜಾರು) ಇದ್ದರೆ 15 ಸೆಂ.ಮೀ. ತಗ್ಗಬೇಕು. ತಗ್ಗುವ ಬದಲು ಏರಿದ್ದರೆ ಹಿಂವಾಟ. ಹೂಳೆತ್ತಿಸಿದರೂ ಅದು ಸರಿಹೋಗುವುದಿಲ್ಲ.

ಮನೆಯೊಳಗೆ ಬಣ್ಣಕ್ಕೆ ಮರುಳಾಗಬೇಡಿ. ಸಿಂಕಿನ ಕೆಳಗಿನ ಗೂಡು, ಗೋಡೆ ಬೀರುವಿನ ಹಿಂಬದಿ, ಮೆಟ್ಟಿಲ ಕೆಳಗಿನ ಮೂಲೆ, ಇಲ್ಲಿಗೆಲ್ಲ ಪೇಂಟರ್ ಕೈ ಹೋಗಿರುವುದಿಲ್ಲ. ಅಲ್ಲಿ ಒಂದೇ ಎತ್ತರದಲ್ಲಿ ಅಡ್ಡಲಾಗಿ ಕಂದು ಗೆರೆ ಇದೆಯೇ, ಅದರ ಕೆಳಗೆ ಗೋಡೆಯಿಂದ ಬಿಳಿ ಪುಡಿ ಉದುರುತ್ತದೆಯೇ ನೋಡಿ. ಬಾಗಿಲ ಚೌಕಟ್ಟಿನ ಬುಡ ಉಬ್ಬಿದ್ದರೆ, ಬಚ್ಚಲ ಬಾಗಿಲು ಮಾತ್ರ ಹೊಸದಾಗಿದ್ದರೆ ಕಾರಣ ಕೇಳಿ. ಮೀಟರ್ ಪೆಟ್ಟಿಗೆ ತೆಗೆಸಿ ಒಳಮೂಲೆಯಲ್ಲಿ ಬೆರಳಾಡಿಸಿ. ನಯವಾದ ಮಣ್ಣು ಅಂಟಿದರೆ ನೀರು ಅಲ್ಲಿಯವರೆಗೆ ಏರಿತ್ತು ಎಂದರ್ಥ. ಬೀದಿಯಲ್ಲಿ ಎಷ್ಟು ಮನೆಗಳ ಗೇಟಿನ ಮುಂದೆ ಅಡ್ಡಲಾಗಿ ಸಿಮೆಂಟ್ ದಿಣ್ಣೆ ಕಟ್ಟಿದ್ದಾರೆ ಎಂದೂ ಎಣಿಸಿ. ಕಷ್ಟ ಕಾಣದೆ ಯಾರೂ ತಮ್ಮ ಕಾರಿಗೆ ತಾವೇ ಅಡ್ಡಗಟ್ಟೆ ಹಾಕಿಕೊಳ್ಳುವುದಿಲ್ಲ.

ಎದುರು ಮನೆಯವರನ್ನು ಇನ್ನೊಮ್ಮೆ ಮಾತಾಡಿಸಿ, ಆದರೆ ‘ನೀರು ಬರುತ್ತದಾ?’ ಎಂದು ಕೇಳಬೇಡಿ. ಬೀದಿಯ ಬೆಲೆ ಬೀಳುತ್ತದೆ ಎಂದು ಜನ ಹೇಳಲು ಹಿಂಜರಿಯುತ್ತಾರೆ. ‘ಜೋರು ಮಳೆ ದಿನ ಗಾಡಿ ಎಲ್ಲಿ ನಿಲ್ಲಿಸುತ್ತೀರಿ? ಬಚ್ಚಲಿನಿಂದ ಯಾವತ್ತಾದರೂ ನೀರು ಮೇಲಕ್ಕೆ ಉಕ್ಕಿದೆಯಾ?’ ಎಂದು ಕೇಳಿ. ಎರಡನೆಯದು ಬಹಳ ಮುಖ್ಯ. ಮಳೆನೀರನ್ನು ಒಳಚರಂಡಿಗೆ ಬಿಟ್ಟಿರುವ ಬೀದಿಗಳಲ್ಲಿ ಆ ಒಳಚರಂಡಿ ತುಂಬಿ, ತಗ್ಗಿನ ಮನೆಯ ಬಚ್ಚಲಿನಿಂದ ಕೊಳಚೆ ಮೇಲೇಳುತ್ತದೆ. ಇದು ಯಾವ ನೆರೆ ಪಟ್ಟಿಯಲ್ಲೂ ದಾಖಲಾಗುವುದಿಲ್ಲ, ಆದರೆ ಮನೆಗೆ ಮಳೆನೀರಿಗಿಂತ ಹೆಚ್ಚು ಹಾನಿ ಮಾಡುತ್ತದೆ.

ಸರ್ಕಾರಿ ದಾಖಲೆಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕಸ್ಥವಾದದ್ದು ಪರಿಹಾರ ಪಾವತಿಯ ಪಟ್ಟಿ. ಮನೆಗೆ ನೀರು ನುಗ್ಗಿದವರಿಗೆ ರಾಜ್ಯ ಸರ್ಕಾರ ಪರಿಹಾರ ಕೊಡುತ್ತ ಬಂದಿದೆ. ಆ ಪಟ್ಟಿ, ಸ್ಥಳ ಪರಿಶೀಲನೆಯ ವರದಿ ತಹಶೀಲ್ದಾರರ ಕಚೇರಿಯಲ್ಲಿರುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಹೀಗೆ ಬರೆಯಿರಿ: ‘ಇಂಥ ಗ್ರಾಮದ ಸರ್ವೆ ನಂಬರ್ ಇಂಥದ್ದರ ವ್ಯಾಪ್ತಿಯಲ್ಲಿ 2017ರಿಂದ ಈವರೆಗೆ ಮಳೆನೀರು ನುಗ್ಗಿದ ಅಥವಾ ಮಳೆಗಾಳಿಗೆ ಹಾನಿಯಾದ ಮನೆಗಳಿಗೆ ಪರಿಹಾರ ಪಾವತಿಸಿದ ದಿನಾಂಕ, ಅಡ್ಡರಸ್ತೆ ಮತ್ತು ಪ್ರಕರಣಗಳ ಸಂಖ್ಯೆಯ ಪಟ್ಟಿಯ ದೃಢೀಕೃತ ನಕಲು ನೀಡಿ.’ ಫಲಾನುಭವಿಗಳ ಹೆಸರು ಕೇಳಬೇಡಿ. ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿ ವಾಪಸ್ ಬರಬಹುದು. ಬೇರೆ ಅರ್ಜಿಯಲ್ಲಿ ಅಗ್ನಿಶಾಮಕ ಠಾಣೆಗೆ, ಆ ಬಡಾವಣೆಯಲ್ಲಿ ನೀರು ಹೊರಹಾಕಲು ಹೋದ ಕರೆಗಳ ಪಟ್ಟಿ ಕೇಳಿ.

ಹಳೇ ಕಡತ ಎಲ್ಲಿದೆ ಎಂಬುದರಲ್ಲೂ ಒಂದು ತೊಡಕಿದೆ. ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ಆದದ್ದು ಇತ್ತೀಚೆಗೆ. ಅದಕ್ಕೂ ಮೊದಲಿನದು ಗ್ರಾಮ ಪಂಚಾಯಿತಿ ಕಾಲದ ಕಾಗದ. ಬಡಾವಣೆಯ ನಕ್ಷೆ ಮುಡಾದಲ್ಲಿ, ಅಂದರೆ ಈಗಿನ ಮೈಸೂರು ಅಭಿವೃದ್ಧಿ ಪ್ರಾಧಿಕಾರದಲ್ಲಿ. ಕಾಲುವೆಯಿಂದ ಎಷ್ಟು ಮೀಟರ್ ಬಿಡಬೇಕು ಎಂಬುದನ್ನೂ ಅಲ್ಲಿಂದ ಲಿಖಿತವಾಗಿಯೇ ಪಡೆಯಿರಿ. ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿದ 75 ಮೀಟರ್, 50 ಮೀಟರ್ ಅಂತರ ಬೆಂಗಳೂರಿನ ಪ್ರಕರಣದ್ದು, ಅದನ್ನು 2019ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿದೆ. ಅದನ್ನೇ ನೆಚ್ಚಿಕೊಂಡು ಲೆಕ್ಕ ಹಾಕುವವರು ಇನ್ನೂ ಇದ್ದಾರೆ.

ಪರಿಹಾರದ ದಿನಾಂಕಗಳು ಕೈಗೆ ಬಂದ ಮೇಲೆ ಆ ದಿನಗಳ ಮಳೆಯ ಅಂಕಿಯನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಕೇಳಿ. ಅದರ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ದಾಖಲಿಸುತ್ತವೆ. ದಿನದ ಮೊತ್ತಕ್ಕಿಂತ ಒಂದು ಗಂಟೆಯ ಮೊತ್ತ ಮುಖ್ಯ. 100 ಮಿ.ಮೀ. ಬಿದ್ದ ದಿನ ನೀರು ನುಗ್ಗಿದ್ದರೆ ಅದು ಅಪರೂಪದ ಮಳೆ. 40 ಮಿ.ಮೀ.ಗೇ ನುಗ್ಗಿದ್ದರೆ ಕಾಲುವೆಯೇ ಕೆಟ್ಟಿದೆ, ಪ್ರತಿ ವರ್ಷ ಕಾದಿದೆ ಎಂದೇ ಲೆಕ್ಕ. ಅದೇ ದಿನಾಂಕಗಳ ಮಾರನೇ ದಿನದ ‘ಮೈಸೂರು ಮಿತ್ರ’, ‘ಆಂದೋಲನ’ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ತಿರುವಿದರೆ ಬೀದಿಯ ಹೆಸರು, ಫೋಟೊ ಸಿಗುವುದುಂಟು.

ಉಳಿದ ವಿಕೋಪಗಳನ್ನು ಚುಟುಕಾಗಿ ಹೇಳಿದರೆ ಸಾಕು. ಏಪ್ರಿಲ್–ಮೇ ಬಿರುಗಾಳಿಗೆ ಮರ, ಕಂಬ ಉರುಳುವುದು ಇಲ್ಲಿ ಪ್ರತಿ ವರ್ಷದ ಪಾಡು. ಮನೆ ಮುಂದಿನ ಗುಲ್‌ಮೊಹರ್, ಮಳೆಮರದ ಬುಡದಲ್ಲಿ ಚರಂಡಿಗೋ ಕೇಬಲ್‌ಗೋ ಅಗೆದು ಒಂದು ಬದಿಯ ಬೇರು ಕಡಿದಿದ್ದರೆ ಅದು ಎದುರು ಬದಿಗೆ ಬೀಳುತ್ತದೆ. ಭೂಕಂಪದ ಮಟ್ಟಿಗೆ 2016ರ ಐಎಸ್ 1893 ಸಂಹಿತೆ ಮೈಸೂರನ್ನು ಅತಿ ಕಡಿಮೆ ಅಪಾಯದ 2ನೇ ವಲಯದಲ್ಲಿಟ್ಟಿದೆ. 1900ರ ಫೆಬ್ರವರಿ 8ರ ಕೊಯಮತ್ತೂರು ಭೂಕಂಪ ದಕ್ಷಿಣ ಭಾರತದ ಬಹುಭಾಗಕ್ಕೆ ತಟ್ಟಿತ್ತು. ನಿಮ್ಮದು ಕೆಳಗೆ ಪೂರಾ ಪಾರ್ಕಿಂಗ್ ಬಿಟ್ಟು ಬರೀ ಕಂಬದ ಮೇಲೆ ನಿಂತ ಮನೆಯಾದರೆ ಎಂಜಿನಿಯರ್‌ಗೆ ಕಂಬದ ಕಂಬಿ ವಿವರ ತೋರಿಸಿ, ಅಷ್ಟು ಸಾಕು. ಬೆಟ್ಟದ ಬುಡದ ಬಡಾವಣೆಯಾದರೆ ಮಾತು ಬೇರೆ: 2021ರ ಅಕ್ಟೋಬರ್‌ನಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದು, ಕೆಲವೇ ವಾರಗಳಲ್ಲಿ ಮತ್ತೆ ಕುಸಿಯಿತು. ಬರಗಾಲದ ಪೆಟ್ಟು ಹೊರಬಡಾವಣೆಗೆ ಬೋರ್‌ವೆಲ್ ಮೂಲಕ ತಟ್ಟುತ್ತದೆ. 2023ರಂಥ ಬರದ ವರ್ಷದ ನಂತರದ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಎಷ್ಟು ಕೊಟ್ಟಿರಿ ಎಂದು ನೆರೆಯವರನ್ನು ಕೇಳಿ, ಕಾವೇರಿ ಅಥವಾ ಕಬಿನಿ ನೀರಿನ ಬಿಲ್ಲು ಇದೆಯೇ ನೋಡಿ.

ಮಂಡ್ಯ ಕಡೆ ಕೊಳ್ಳುವವರಿಗೆ ಒಂದು ಮಾತು. ಅಲ್ಲಿ ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳ ಮೇಲೆ ಎದ್ದ ಬಡಾವಣೆಗಳಲ್ಲಿ ಮೇಲಿನಿಂದ ನುಗ್ಗುವ ನೀರಿಗಿಂತ ಕೆಳಗಿನಿಂದ ಏರುವ ಜೌಗು ಹೆಚ್ಚು ಕಾಡುತ್ತದೆ. ನಾಲೆಗೆ ನೀರು ಬಿಟ್ಟಿರುವಾಗಲೇ ಹೋಗಿ ಸಂಪಿನ ಗೋಡೆ ಜಿನುಗುತ್ತದೆಯೇ ನೋಡಿ. ನಾಲೆ ನಿಂತಾಗ ಎಲ್ಲವೂ ಒಣಗಿಯೇ ಕಾಣುತ್ತದೆ.

ಮನೆಯ ಒಂದಂಶವಾದರೂ ‘ಬ’ ಖರಾಬಿನ ಹಳ್ಳದ ಮೇಲೆ ಬಂದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ. ನೀರಿನ ಜೊತೆಗೆ ತೆರವಿನ ನೋಟಿಸೂ ಬರಬಹುದು. ಹಳ್ಳದ ಪಕ್ಕದಲ್ಲಿದ್ದು ನೆಲದ ಮಟ್ಟ ಚೆನ್ನಾಗಿದ್ದರೆ ಕೊಳ್ಳಬಹುದು. ಆದರೆ ಕೆಲವು ಕೆಲಸಗಳ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ: ಒಳಚರಂಡಿ ಸಂಪರ್ಕದ ಚೇಂಬರಿನಲ್ಲಿ ನೀರು ಹಿಂದಿರುಗದಂತೆ ತಡೆಯುವ ವಾಲ್ವು, ಸಂಪಿನ ಬಾಯಿಯನ್ನು ನೆಲದಿಂದ ಒಂದು ಅಡಿ ಎತ್ತರಿಸುವುದು, ಮೀಟರ್ ಮತ್ತು ಯುಪಿಎಸ್ ಅನ್ನು 4 ಅಡಿ ಮೇಲಕ್ಕೆ ಸಾಗಿಸುವುದು, ಗೇಟಿನ ಎರಡೂ ಬದಿಗೆ ಹಲಗೆ ಇಳಿಸುವ ಕಬ್ಬಿಣದ ಚಾನೆಲ್. ಸೂರಿನ ನೀರಿಗೂ ಜಾಗ ಮಾಡಿ, 60 ಮಿ.ಮೀ. ಮಳೆಗೆ 30×40 ಅಡಿ ಸೈಟಿನ ಮೇಲೆ ಬೀಳುವುದು ಸುಮಾರು 6,700 ಲೀಟರ್.

ವಿಮೆಯನ್ನು ನೋಂದಣಿಯ ವಾರದಲ್ಲೇ ಮಾಡಿಸಿ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ನೆರೆ, ಬಿರುಗಾಳಿ, ಸಿಡಿಲು, ಭೂಕಂಪ, ಭೂಕುಸಿತ ಸೇರಿವೆ. ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ಅದರಲ್ಲೇ ರಕ್ಷಣೆ ಇದೆ. ಮೊತ್ತವನ್ನು ಕ್ರಯದ ಬೆಲೆಗೆ ಹಾಕದೆ, ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ಖರ್ಚಿಗೆ ಹಾಕಿಸಿ. ಮಾಹಿತಿ ಹಕ್ಕಿನ ಉತ್ತರಕ್ಕೆ ತಿಂಗಳು ಬೇಕಾಗುವುದರಿಂದ ಅರ್ಜಿಯನ್ನು ಈ ವಾರವೇ ಹಾಕಿ. ಮುಂಗಡ ಕೊಡಲೇಬೇಕಾದ ಒತ್ತಡ ಬಂದರೆ, ‘ಹಳ್ಳ ಅಥವಾ ‘ಬ’ ಖರಾಬು ಅತಿಕ್ರಮಣ ಕಂಡುಬಂದಲ್ಲಿ ಮುಂಗಡವನ್ನು ಪೂರ್ಣ ಹಿಂದಿರುಗಿಸತಕ್ಕದ್ದು’ ಎಂಬ ಸಾಲನ್ನು ಕರಾರುಪತ್ರದಲ್ಲಿ ಬರೆಸಿಯೇ ಕೊಡಿ.